ನಾಲ್ಕು ಸಂಜೆ, ಒಂದು ಸ್ಮೋಕ್ ಮಷೀನ್, ಅರ್ಧ ಮಿಲಿಮೀಟರ್ ತೂತು

ಚೆಕ್ ಎಂಜಿನ್ ಲೈಟ್ ಹತ್ತಿದ್ದು ಒಂದೇ ಕೋಡಿಗೆ: ಪಿ0456. ಪೆಟ್ರೋಲ್ ಆವಿಯನ್ನು ಹೊರಗೆ ಬಿಡದೆ ಹಿಡಿದಿಡುವ ಇವ್ಯಾಪ್ ವ್ಯವಸ್ಥೆಯಲ್ಲಿ ಎಲ್ಲೋ ಅತಿಸಣ್ಣ ಸೋರಿಕೆ ಇದೆ ಎಂದು ಅದರ ಅರ್ಥ. ಅತಿಸಣ್ಣ ಎಂದರೆ 0.020 ಇಂಚು, ಸುಮಾರು ಅರ್ಧ ಮಿಲಿಮೀಟರ್. ಕಾರು ಓಡುವುದರಲ್ಲಿ ಏನೂ ವ್ಯತ್ಯಾಸವಿಲ್ಲ, ವಾಸನೆಯೂ ಇಲ್ಲ. ಕೋಡ್ ಅಳಿಸಿದರೆ ಹತ್ತು ದಿನ ಸುಮ್ಮನಿದ್ದು ಮತ್ತೆ ಹಾಜರ್. ಎಲ್ಲರೂ ಮೊದಲು ಮಾಡುವಂತೆ ಟ್ಯಾಂಕಿನ ಮುಚ್ಚಳ ಬದಲಾಯಿಸಿದೆ. ಮತ್ತೆ ಬಂತು. ಗ್ಯಾರೇಜಿನವರು ಬಗ್ಗಿಯೂ ನೋಡದೆ "ಕ್ಯಾನಿಸ್ಟರ್ ಪೂರ್ತಿ ಹೊಸದು ಹಾಕಿಸಿ" ಎಂದರು. ಟ್ಯಾಂಕಿನ ಆವಿ ಹಿಡಿದಿಡುವ ಡಬ್ಬಿ ಅದು. ಮೂವತ್ತು ವರ್ಷ ಭೌತಶಾಸ್ತ್ರದ ಲ್ಯಾಬಿನಲ್ಲಿ ಹುಡುಗರಿಗೆ "ಅಳೆಯದೆ ಬರೆಯಬೇಡಿ" ಎಂದು ಗದರಿದವನು ನಾನು, ಇದನ್ನು ಹೇಗೆ ಒಪ್ಪಲಿ? ಹೊಗೆ ಬಿಟ್ಟು ಸೋರಿಕೆ ಹುಡುಕುವ ಸ್ಮೋಕ್ ಮಷೀನ್ ತರಿಸಿದೆ.

ಡಬ್ಬಿಯಲ್ಲಿ ಬಂದದ್ದು ಊಟದ ಕ್ಯಾರಿಯರ್ ಗಾತ್ರದ ಲೋಹದ ಪೆಟ್ಟಿಗೆ. ಒಳಗೆ ಹೀಟರ್ ಕಾಯಿಲ್, ಮಿನರಲ್ ಆಯಿಲ್ ಹಾಕುವ ಜಾಗ, ಪುಟ್ಟ ಗಾಳಿ ಪಂಪ್. ಎಣ್ಣೆ ಕಾದು ಬಿಳಿ ಹೊಗೆಯಾಗುತ್ತದೆ, ಪಂಪ್ ಅದನ್ನು ಪೈಪಿಗೆ ತಳ್ಳುತ್ತದೆ. ಜೊತೆಗೆ ಶಂಕುವಿನಾಕಾರದ ರಬ್ಬರ್ ಬಿರಡೆಗಳು, ಒಂದು ಒತ್ತಡದ ಮೀಟರ್, ಮತ್ತು ಗಾಜಿನ ಕೊಳವೆಯೊಳಗೆ ಮೇಲೆ ಕೆಳಗೆ ಆಡುವ ಒಂದು ಗುಂಡು. ಅದೇ ಫ್ಲೋ ಮೀಟರ್. ಗಾಳಿ ಹರಿಯುತ್ತಿದ್ದರೆ ಗುಂಡು ಮೇಲೇಳುತ್ತದೆ, ಹರಿವು ನಿಂತರೆ ತಳಕ್ಕೆ ಕೂರುತ್ತದೆ. ಕೊಳವೆಯ ಮೇಲೆ ಎರಡು ಕೆಂಪು ಗೆರೆ: ಕೆಳಗಿನದು ಅರ್ಧ ಮಿಲಿಮೀಟರ್ ತೂತಿಗೆ, ಮೇಲಿನದು ಒಂದು ಮಿಲಿಮೀಟರ್ ತೂತಿಗೆ.

ಬೈಯುವುದನ್ನು ಮೊದಲು ಬೈದುಬಿಡುತ್ತೇನೆ. ಒತ್ತಡದ ಮೀಟರ್ ಶುದ್ಧ ನಿರುಪಯೋಗಿ. ಇವ್ಯಾಪ್‌ಗೆ ಕೊಡಬೇಕಾದದ್ದು ಸುಮಾರು ಅರ್ಧ ಪಿಎಸ್‌ಐ. ಒಂದನ್ನು ದಾಟಿದರೆ ಟ್ಯಾಂಕಿನ ಪ್ರೆಶರ್ ಸೆನ್ಸರಿಗೂ ಸೀಲುಗಳಿಗೂ ಅಪಾಯ. ಇವರು ಕೊಟ್ಟಿರುವುದು 15 ಪಿಎಸ್‌ಐವರೆಗಿನ ಡಯಲ್! ಮುಳ್ಳು ಸೊನ್ನೆಯ ಪಕ್ಕ ನಡುಗುತ್ತದೆ, ಅಷ್ಟೇ. ಬಂಗಾರ ತೂಗಲು ಅಕ್ಕಿ ಮೂಟೆಯ ತಕ್ಕಡಿ ಕೊಟ್ಟ ಹಾಗೆ. ನಾನು ನೀರು ತುಂಬಿದ ಯು ಕೊಳವೆ ಕಟ್ಟಿಕೊಂಡೆ. ಅರ್ಧ ಪಿಎಸ್‌ಐ ಎಂದರೆ ಎರಡು ಮಟ್ಟಗಳ ನಡುವೆ ಸುಮಾರು 35 ಸೆಂಟಿಮೀಟರ್ ವ್ಯತ್ಯಾಸ, ಬರಿಗಣ್ಣಿಗೇ ಕಾಣುತ್ತದೆ.

ಇನ್ನೊಂದು, ಇದು ಇನ್ನೂ ಗಂಭೀರ. ಪಂಪ್ ತಳ್ಳುವುದು ಸಾಮಾನ್ಯ ಗಾಳಿಯನ್ನು. ಪೆಟ್ರೋಲ್ ಆವಿ ತುಂಬಿದ ಟ್ಯಾಂಕಿಗೆ ಗಾಳಿ ಸೇರಿಸಿದರೆ ಮಿಶ್ರಣ ಹೊತ್ತಿಕೊಳ್ಳುವ ಪ್ರಮಾಣಕ್ಕೆ ಬರಬಹುದು. ಅದಕ್ಕೇ ಇವ್ಯಾಪ್ ಪರೀಕ್ಷೆಗೆ ನೈಟ್ರೋಜನ್ ಅಥವಾ ಕಾರ್ಬನ್ ಡೈಆಕ್ಸೈಡ್ ಬಳಸಿ ಎನ್ನುವುದು. ಹೊರಗಿನ ಗ್ಯಾಸ್ ಜೋಡಿಸಲು ಈ ಮಷೀನಿನಲ್ಲಿ ಒಂದು ಮೂತಿ ಇದೆ, ಕೈಪಿಡಿಯಲ್ಲಿ ಅದರ ಬಗ್ಗೆ ಒಂದಕ್ಷರವಿಲ್ಲ. ನಾನು ನೈಟ್ರೋಜನ್ ಸಿಲಿಂಡರ್‌ಗೆ ರೆಗ್ಯುಲೇಟರ್ ಹಾಕಿ ಅದಕ್ಕೇ ಜೋಡಿಸಿದೆ. ಬಯಲಲ್ಲಿ, ಎಂಜಿನ್ ತಣ್ಣಗಿದ್ದಾಗ. ಮಷೀನಿಗೆ ಕರೆಂಟ್ ದೂರದಲ್ಲಿಟ್ಟ ಬೇರೆ ಬ್ಯಾಟರಿಯಿಂದ, ಕಿಡಿ ಹಾರುವುದಿದ್ದರೆ ಅಲ್ಲೇ ಹಾರಲಿ ಎಂದು.

ಮೊದಲ ಸಂಜೆ ಹೊಗೆ ಬಿಟ್ಟ ಎರಡೇ ನಿಮಿಷಕ್ಕೆ ಕಾರಿನ ಹಿಂಭಾಗದ ಅಡಿಯಿಂದ ಧಾರಾಳವಾಗಿ ಹೊರಬಂತು. ಸಿಕ್ಕಿತು ಎಂದು ಕುಣಿದೆ. ಆಮೇಲೆ ಹೊಳೆಯಿತು: ಅದು ವೆಂಟ್ ವಾಲ್ವ್. ಕರೆಂಟ್ ಇಲ್ಲದಾಗ ತೆರೆದೇ ಇರುವುದು ಅದರ ಧರ್ಮ, ಟ್ಯಾಂಕ್ ಉಸಿರಾಡುವುದೇ ಅಲ್ಲಿಂದ. (ಆ ಉಸಿರು ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಮಾಜ್ದಾ 6 ಸಾಕ್ಷಿ. ವೆಂಟ್ ಪೈಪಿನಲ್ಲಿ ಜೇಡ ಬಲೆ ಕಟ್ಟಿ, ಟ್ಯಾಂಕ್ ಒಳಗೊಳಗೇ ಹೀರಿಕೊಂಡು ಬಿರುಕು ಬಿಡಬಹುದೆಂದು 2011ರಲ್ಲಿ ಅಮೆರಿಕದಲ್ಲಿ ಸಾವಿರಾರು ಕಾರುಗಳನ್ನು ವಾಪಸ್ ಕರೆಸಿದರು.) ಕ್ಯಾನಿಸ್ಟರಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಇದಕ್ಕೆ ತದ್ವಿರುದ್ಧ. ಕರೆಂಟ್ ಇಲ್ಲದಾಗ ಮುಚ್ಚಿರಬೇಕು.

ಎರಡನೇ ಸಂಜೆ ಸ್ಕ್ಯಾನರಿನಿಂದ ಆಜ್ಞೆ ಕೊಟ್ಟು ವೆಂಟ್ ಮುಚ್ಚಿದೆ. ಕೋಡ್ ಓದುವ ಅಗ್ಗದ ಡಾಂಗಲ್ ಇದಕ್ಕೆ ಸಾಲದು, ವಾಲ್ವುಗಳಿಗೆ ಅಪ್ಪಣೆ ಕೊಡಬಲ್ಲ ಸ್ಕ್ಯಾನರೇ ಬೇಕು. ಕೈಪಿಡಿ ಹೇಳಿದಂತೆ ಪರ್ಜ್ ವಾಲ್ವಿನಿಂದ ಪೈಪ್ ಕಳಚಿ ಅದರೊಳಗೆ ಹೊಗೆ ಬಿಟ್ಟೆ. ಗುಂಡು ನಿಧಾನವಾಗಿ ಇಳಿದು ತಳದಲ್ಲಿ ಕೂತೇಬಿಟ್ಟಿತು. ಎಲ್ಲೂ ಹೊಗೆಯಿಲ್ಲ. ಸೋರಿಕೆಯೇ ಇಲ್ಲ! ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಹಲ್ಲುಜ್ಜುವಾಗ ತಪ್ಪು ಗೊತ್ತಾಯಿತು. ಪೈಪನ್ನು ಪರ್ಜ್ ವಾಲ್ವಿನಿಂದ ಕಳಚಿದ್ದೇನೆ, ಅಂದಮೇಲೆ ಪರ್ಜ್ ವಾಲ್ವ್ ಪರೀಕ್ಷೆಯೊಳಗೇ ಇರಲಿಲ್ಲ. ಮಷೀನ್ ಎಲ್ಲಿ ಚುಚ್ಚುತ್ತೀರೋ ಆ ಜಾಗ ಮಷೀನಿಗೆ ಕಾಣುವುದಿಲ್ಲ. ಇಷ್ಟು ಮುಖ್ಯವಾದ ಮಾತನ್ನು ಕೈಪಿಡಿ ಬರೆದವರು ಬಿಟ್ಟಿದ್ದಾರೆ.

ಮೂರನೇ ಸಂಜೆ ಪೈಪ್ ಮತ್ತೆ ಕೂಡಿಸಿ, ಪೆಟ್ರೋಲ್ ತುಂಬುವ ಬಾಯಿಗೆ ರಬ್ಬರ್ ಬಿರಡೆ ಒತ್ತಿ ಅಲ್ಲಿಂದ ಹೊಗೆ ಬಿಟ್ಟೆ. ಈಗ ಮುಚ್ಚಳ ಪರೀಕ್ಷೆಯಿಂದ ಹೊರಗೆ, ಆದರೆ ಅದು ಹೊಸದು. ಟ್ಯಾಂಕ್ ಅರ್ಧ ಖಾಲಿ ಇದ್ದುದರಿಂದ ತುಂಬಲು ಐದಾರು ನಿಮಿಷ ಹಿಡಿಯಿತು. ಗುಂಡು ಇಳಿಯಿತು, ಇಳಿಯಿತು, ಕೆಳಗಿನ ಕೆಂಪು ಗೆರೆಗಿಂತ ಕೂದಲೆಳೆಯಷ್ಟು ಮೇಲೆ ನಿಂತಿತು. ಅಲುಗಾಡಲಿಲ್ಲ. ಸೋರಿಕೆ ಇದೆ. ಆದರೆ ಟಾರ್ಚ್ ಹಿಡಿದು ಟ್ಯಾಂಕ್, ಕ್ಯಾನಿಸ್ಟರ್, ಪೈಪುಗಳ ಸಂದು ಎಲ್ಲ ತಡಕಾಡಿದರೂ ಒಂದೆಳೆ ಹೊಗೆ ಕಾಣಲಿಲ್ಲ.

ನಾನು ಹೊಗೆ ಹುಡುಕುವುದನ್ನು ಬಿಟ್ಟು ಗುಂಡನ್ನು ವಿಚಾರಣೆಗೆ ಕೂರಿಸಿದ್ದು ಆಗಲೇ. ವೆಂಟ್ ವಾಲ್ವಿನ ಹೊರಬಾಯಿಗೆ ಬಿರಡೆ ಹಾಕಿದೆ. ವಾಲ್ವ್ ಸರಿಯಾಗಿ ಮುಚ್ಚದೆ ಸೋರುತ್ತಿದ್ದರೆ ಗುಂಡು ಇಳಿಯಬೇಕು. ಇಳಿಯಲಿಲ್ಲ, ವೆಂಟ್ ನಿರಪರಾಧಿ. (ಮೊದಲೇ ಬಿರಡೆ ಹಾಕಿಬಿಟ್ಟಿದ್ದರೆ ಈ ವಿಷಯ ತಿಳಿಯುತ್ತಲೇ ಇರಲಿಲ್ಲ.) ಮುಂದೆ ಪರ್ಜ್ ವಾಲ್ವಿಗೆ ಹೋಗುವ ರಬ್ಬರ್ ಪೈಪನ್ನು ಇಕ್ಕಳದಿಂದ ಮೆಲ್ಲಗೆ ಅದುಮಿದೆ. ಗುಂಡು ಟಣ್ಣೆಂದು ತಳಕ್ಕೆ ಬಿತ್ತು. ಬಿಟ್ಟೆ, ಎದ್ದಿತು. ಅದುಮಿದೆ, ಬಿತ್ತು. ಮೂರು ಸಲ.

ಹೊಗೆ ಹೊರಗೆ ಕಾಣದಿದ್ದುದು ಸಹಜ, ಅದು ಪರ್ಜ್ ವಾಲ್ವಿನ ಮೂಲಕ ಎಂಜಿನ್ ಗಾಳಿ ಎಳೆಯುವ ಇನ್‌ಟೇಕ್ ಒಳಗೆ ನುಸುಳುತ್ತಿತ್ತು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಟಾರ್ಚನ್ನು ಅಡ್ಡಲಾಗಿ ಹಿಡಿದಾಗ ಊದುಬತ್ತಿಯ ಎಳೆಯಂಥ ಹೊಗೆ ಕಂಡಿತು. ಇದೇ ವಾಲ್ವನ್ನು ನಾನು ಹಿಂದೆ ಪಾಸು ಮಾಡಿದ್ದೆ! ಓಮ್ ಮೀಟರ್ ಹಿಡಿದರೆ ಕಾಯಿಲ್ ಸರಿ, ಎಂಜಿನ್ ಸ್ಟಾರ್ಟ್ ಮಾಡಿ ಹೆಬ್ಬೆರಳಿಟ್ಟರೆ ಎಳೆತವಿಲ್ಲ. ಪೂರ್ತಿ ತೆರೆದುಕೊಂಡು ಕೂತ ವಾಲ್ವಾದರೆ ಹೆಬ್ಬೆರಳಿಗೆ ಸಿಗುತ್ತದೆ, ಪೆಟ್ರೋಲ್ ತುಂಬಿಸಿದ ಮೇಲೆ ಸ್ಟಾರ್ಟ್ ಆಗಲು ತಕರಾರನ್ನೂ ಮಾಡುತ್ತದೆ. ಅರ್ಧ ಮಿಲಿಮೀಟರಿನ ನುಸುಳು ಸಿಗುವುದಿಲ್ಲ. ಆದರೆ ನನ್ನ ಕಾರು ಎಂಜಿನ್ ಆಫ್ ಆದ ಮೇಲೆ ಟ್ಯಾಂಕ್ ಕಾದು ತಣಿಯುವಾಗಿನ ಒತ್ತಡ ನೋಡಿ ಪರೀಕ್ಷಿಸುವ ಜಾತಿಯದು. ಅದಕ್ಕೆ ಸಿಕ್ಕಿತು.

ಹಾಗಾಗಿ ಈ ಮಷೀನಿಗೆ ಐದಕ್ಕೆ ಮೂರೂವರೆ ಅಂಕ. ಒಂದು ಕಳೆದದ್ದು ಡಯಲ್‌ಗೆ, ಅರ್ಧ ಕೈಪಿಡಿಗೆ. ಫ್ಲೋ ಮೀಟರ್ ಇಲ್ಲದ ಇನ್ನೂ ಸರಳ ಮಾದರಿ ಸಿಗುತ್ತದೆ, ಅದನ್ನು ಕೊಳ್ಳಬೇಡಿ. ಅಂಥದ್ದಿದ್ದರೆ ನಾನು ಇವತ್ತಿಗೂ ಕಾರಿನ ಕೆಳಗೆ ಟಾರ್ಚ್ ಹಿಡಿದು ಮಲಗಿರುತ್ತಿದ್ದೆ.

ನಾಲ್ಕನೇ ಸಂಜೆ ಹೊಸ ವಾಲ್ವ್ ಹಾಕಿ ಮತ್ತೆ ಹೊಗೆ ಬಿಟ್ಟೆ, ಗುಂಡು ತಳದಲ್ಲೇ ಕೂತಿತು. ಕಾರಿನ ಸ್ವಂತ ಪರೀಕ್ಷೆ ಮುಗಿಯಲು ಮಾತ್ರ ಕಾಯಬೇಕಾಯಿತು. ಟ್ಯಾಂಕ್ ತೀರಾ ತುಂಬಿರಬಾರದು, ತೀರಾ ಖಾಲಿಯೂ ಇರಬಾರದು, ರಾತ್ರಿಯಿಡೀ ತಣ್ಣಗೆ ನಿಂತಿರಬೇಕು. ಅದರ ಮಡಿ ಹೆಚ್ಚು. ಒಂಬತ್ತನೇ ದಿನ ಇವ್ಯಾಪ್ ಮಾನಿಟರ್ ಪೂರ್ಣ ಎಂದು ಸ್ಕ್ಯಾನರ್ ತೋರಿಸಿತು. ಕೋಡ್ ಇಲ್ಲ.

ಸುಮ್ಮನಿರಲಾರದೆ ಹಳೆಯ ವಾಲ್ವನ್ನು ಗರಗಸದಿಂದ ಸೀಳಿದೆ. ಸೀಟಿನ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಎರಡು ಕಪ್ಪು ಹರಳು. ಇದ್ದಿಲು. ಇದ್ದಿಲು ಇರುವುದು ಕ್ಯಾನಿಸ್ಟರಿನೊಳಗೆ. ಪಂಪ್ ಕಟ್ ಆದ ಮೇಲೂ "ಇನ್ನೊಂಚೂರು" ಎಂದು ಬಾಯಿವರೆಗೆ ತುಂಬಿಸುವುದು ನನ್ನ ಹಳೇ ಚಟ. ಹಾಗೆ ತುಂಬಿಸಿದರೆ ಪೆಟ್ರೋಲ್ ದ್ರವವಾಗಿಯೇ ಕ್ಯಾನಿಸ್ಟರಿಗೆ ನುಗ್ಗಿ ಇದ್ದಿಲನ್ನು ಹಾಳುಗೆಡವುತ್ತದೆ. ಪೈಪನ್ನು ಬಿಳಿ ಹಾಳೆಯ ಮೇಲೆ ತಟ್ಟಿ ನೋಡಿದೆ, ಇನ್ನೂ ಏಳೆಂಟು ಹರಳು ಉದುರಿದವು. ಗ್ಯಾರೇಜಿನವರಿಗೆ ಫೋನ್ ಮಾಡಿ ಕ್ಯಾನಿಸ್ಟರ್ ಇದೆಯಾ ಎಂದು ಕೇಳಬೇಕು. ನಾಳೆ ಮಾಡುತ್ತೇನೆ.