ಮೈಸೂರು ಅರಮನೆ ಮುಂದೆ ‘ಇವತ್ತು ಕ್ಲೋಸು ಸಾರ್’ ಅಂದರೆ ಆಟೊ ಹತ್ತಬೇಡಿ

ಮೈಸೂರಿಗೆ ಮೊದಲ ಸಲ ಬರುವವರು, ಹೊರರಾಜ್ಯದ ನೆಂಟರನ್ನು ಕಳಿಸಿಕೊಡುವವರು ದಯವಿಟ್ಟು ಪೂರ್ತಿ ಓದಿ. ಅರ್ಧ ದಿನವನ್ನೂ ಸಾವಿರಾರು ರೂಪಾಯಿಯನ್ನೂ ನುಂಗುವ ಈ ಮೋಸ ಅರಮನೆಯ ಗೋಡೆ ಪಕ್ಕದಲ್ಲೇ ಶುರುವಾಗುತ್ತದೆ.

ನಗರ ಬಸ್ ನಿಲ್ದಾಣದಲ್ಲಿ ಇಳಿದು ಕೆ.ಆರ್. ವೃತ್ತದ ಕಡೆಯಿಂದ ನಡೆದು ಬಂದವರಿಗೆ ಮೊದಲು ಕಾಣುವುದು ಅರಮನೆಯ ಉತ್ತರದ ಬಾಗಿಲು. ಪ್ರವಾಸಿಗರನ್ನು ಆ ಕಡೆಯಿಂದ ಒಳಗೆ ಬಿಡುವುದಿಲ್ಲ. ಟಿಕೆಟ್ ಕೊಟ್ಟು ಒಳಗೆ ಬಿಡುವುದು ದಕ್ಷಿಣದ ವರಾಹ ದ್ವಾರದಲ್ಲಿ. ಮುಚ್ಚಿದ ಬಾಗಿಲು ನೋಡಿ ಗೊಂದಲದಲ್ಲಿ ನಿಂತವರ ಹತ್ತಿರ ಒಬ್ಬ ಬಂದು, “ಸಾರ್, ಒಳಗೆ ಪೂಜೆ ನಡೀತಿದೆ, ಒಂದ್ ಗಂಟೆ ಮೇಲೇ ಬಿಡೋದು. ಅಷ್ಟ್ರಲ್ಲಿ ನಾಲ್ಕು ಜಾಗ ತೋರಿಸ್ಕೊಂಡ್ ಬರ್ತೀನಿ, ಐವತ್ತು ರೂಪಾಯಿ ಕೊಡಿ ಸಾಕು” ಅನ್ನುತ್ತಾನೆ. ಎದುರಿಗೆ ಬಾಗಿಲು ಮುಚ್ಚಿಯೇ ಇರುವುದರಿಂದ ಮಾತು ನಿಜ ಅನ್ನಿಸುತ್ತದೆ. ಅರಮನೆ ವಾರದ ಏಳೂ ದಿನ ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ ತೆರೆದಿರುತ್ತದೆ. ದಸರೆಯಲ್ಲಿ ರಾಜಮನೆತನದ ಪೂಜಾ ವಿಧಿಗಳಿದ್ದಾಗ ಕೆಲವು ಹೊತ್ತು ಪ್ರವೇಶ ಇರುವುದಿಲ್ಲ. ಯಾರು ಏನೇ ಹೇಳಲಿ, ಗೋಡೆಯ ಪಕ್ಕದಲ್ಲೇ ನಡೆದು ವರಾಹ ದ್ವಾರಕ್ಕೆ ಹೋಗಿ ಕೌಂಟರಿನಲ್ಲೇ ಕೇಳಿ.

ಇದೇ ಸುಳ್ಳಿನ ಇನ್ನೊಂದು ರೂಪ: “ದೇವರಾಜ ಮಾರ್ಕೆಟ್ ಇವತ್ತು ರಜ. ಬೇರೆ ಮಾರ್ಕೆಟ್ ಇದೆ, ವಾರಕ್ಕೊಂದೇ ದಿನ, ಅದೂ ಇವತ್ತೇ.” ಅಂಥ ಮಾರ್ಕೆಟ್ ಇಲ್ಲ. ಆಟೊ ಹೋಗಿ ನಿಲ್ಲುವುದು ಊದುಬತ್ತಿ ಹೊಸೆದು ತೋರಿಸುವ ಒಂದು ಮನೆಯ ಮುಂದೆ. ಅದರ ಹಿಂದಿನ ಕೋಣೆಯಲ್ಲಿ ಎಣ್ಣೆ ವ್ಯಾಪಾರ. ದೇವರಾಜ ಮಾರ್ಕೆಟ್ ಇರುವುದು ಸಯ್ಯಾಜಿರಾವ್ ರಸ್ತೆಯಲ್ಲಿ, ಕೆ.ಆರ್. ವೃತ್ತದಿಂದ ಕಾಲ್ನಡಿಗೆಯ ದೂರ. ಆಟೊ ಬೇಕೇ ಇಲ್ಲ. ಊರಿನಲ್ಲಿ ಮೀಟರಿಗೆ ಸರಿಯಾಗಿ ಓಡಿಸುವ ಚಾಲಕರು ಬೇಕಾದಷ್ಟಿದ್ದಾರೆ. ಅವರು ನಿಮ್ಮನ್ನು ಕೇಳದೆ ಅಂಗಡಿ ಮುಂದೆ ಗಾಡಿ ನಿಲ್ಲಿಸುವುದಿಲ್ಲ. ಐವತ್ತು ರೂಪಾಯಿಗೆ ಊರೆಲ್ಲ ಸುತ್ತಿಸುತ್ತೇನೆ ಅನ್ನುವವನ ಉಳಿದ ಬಾಡಿಗೆ ಅಂಗಡಿಯ ಕಮಿಷನ್ನಿನಿಂದ ಬರುತ್ತದೆ, ಆ ಕಮಿಷನ್ ನೀವು ಕೊಡುವ ಬೆಲೆಯೊಳಗೇ ಕೂತಿರುತ್ತದೆ.

ಅತಿ ಹೆಚ್ಚು ಜನ ಮೋಸ ಹೋಗುವುದು ಎಣ್ಣೆಯ ಅಂಗಡಿಯಲ್ಲಿ. ಚಹಾ ಕೊಟ್ಟು, ಎರಡೂ ಕೈಗೆ ಗಂಧ, ಮಲ್ಲಿಗೆ, ತಾವರೆ ಅಂತ ಒಂದರ ಮೇಲೊಂದು ಸವರುತ್ತಾರೆ. ಮೂರನೆಯದು ಸವರುವ ಹೊತ್ತಿಗೆ ಮೂಗು ದಣಿದಿರುತ್ತದೆ, ವ್ಯತ್ಯಾಸ ತಿಳಿಯುವುದಿಲ್ಲ. ಮೊದಲು ಲೆಕ್ಕ ಹಾಕಿ. ಶುದ್ಧ ಶ್ರೀಗಂಧದ ಎಣ್ಣೆ ಕೆ.ಜಿ.ಗೆ ಒಂದು ಲಕ್ಷ ರೂಪಾಯಿಗೂ ಮೇಲೆ. ಅಂದರೆ 10 ಮಿ.ಲೀ. ಸೀಸೆಗೆ ಸಾವಿರ ರೂಪಾಯಿಗಿಂತ ಕಡಿಮೆ ಬೆಲೆ ಹೇಳಿದರೆ ಅದರಲ್ಲಿರುವುದು ಶುದ್ಧ ಗಂಧದ ಎಣ್ಣೆಯಲ್ಲ. ಹಾಗೆಂದು ಹೆಚ್ಚು ಬೆಲೆ ಹೇಳಿದ್ದೆಲ್ಲ ಅಸಲಿಯೂ ಅಲ್ಲ. ಅಸಲಿ ಎಣ್ಣೆ ಮಂದವಾಗಿರುತ್ತದೆ, ಮುಚ್ಚಳ ತೆಗೆದ ಕೂಡಲೇ ಘಮ್ಮೆಂದು ಮೂಗಿಗೆ ಹೊಡೆಯುವುದಿಲ್ಲ. ಚರ್ಮದ ಮೇಲೆ ಮೆಲ್ಲಗೆ ಅರಳಿ ಗಂಟೆಗಟ್ಟಲೆ ಒಂದೇ ಹದದಲ್ಲಿ ನಿಲ್ಲುತ್ತದೆ. ನಕಲಿ ಮೊದಲ ಹತ್ತು ನಿಮಿಷ ಜೋರಾಗಿದ್ದು ಆಮೇಲೆ ಇಳಿದುಹೋಗುತ್ತದೆ. ಹಾಗಾಗಿ ಒಂದೇ ಎಣ್ಣೆ ಸವರಿಸಿಕೊಂಡು ಹೊರಗೆ ಬನ್ನಿ, ಎರಡು ಗಂಟೆ ಬಿಟ್ಟು ಮೂಸಿ ನೋಡಿ. ಅಷ್ಟು ಹೊತ್ತು ಕಾಯಲು ಅಂಗಡಿಯವರು ಬಿಡದಿದ್ದರೆ ಅದೇ ಉತ್ತರ.

ಕಾಗದದ ಮೇಲೆ ಹನಿ ಹಾಕಿ ‘ನೋಡಿ, ಕಲೆ ಇಲ್ಲ’ ಎಂದು ತೋರಿಸುವುದನ್ನು ನಂಬಬೇಡಿ. ನೀಲಗಿರಿ ಎಣ್ಣೆಯಂಥವು ಬೇಗ ಆರುತ್ತವೆ, ಅಸಲಿ ಗಂಧದ ಎಣ್ಣೆ ಬಹಳ ನಿಧಾನವಾಗಿ ಆರುತ್ತದೆ. ತಕ್ಷಣ ಮಾಯವಾದರೆ ಅನುಮಾನಪಡಬೇಕು. ಇನ್ನೊಂದು ಪರೀಕ್ಷೆ, ಒಂದು ಲೋಟ ನೀರಿಗೆ ಒಂದು ಹನಿ ಬಿಡುವುದು. ಎಣ್ಣೆಯಾದರೆ ಬೆರೆಯದೆ ಬೇರೆಯಾಗಿ ನಿಲ್ಲುತ್ತದೆ, ಸ್ಪಿರಿಟ್ಟಿನಂಥ ದ್ರಾವಕ ಬೆರೆಸಿದ್ದರೆ ನೀರಲ್ಲಿ ಕರಗಿಹೋಗುತ್ತದೆ ಇಲ್ಲವೇ ನೀರನ್ನು ಬಿಳಿಚಾಗಿಸುತ್ತದೆ. ಕೊಬ್ಬರಿ ಎಣ್ಣೆಯಂಥದ್ದನ್ನು ಬೆರೆಸಿದ್ದರೆ ಈ ಪರೀಕ್ಷೆಗೆ ಸಿಗುವುದಿಲ್ಲ. ಗಂಧದೆಣ್ಣೆ ಬೇಕೇ ಬೇಕಿದ್ದರೆ ಮೈಸೂರು ಸ್ಯಾಂಡಲ್ ಸೋಪು ಮಾಡುವ ಸರ್ಕಾರಿ ಸಾಬೂನು ಕಾರ್ಖಾನೆಯ ಸೀಲು ಮಾಡಿದ ಸೀಸೆಯನ್ನೇ ಕೊಳ್ಳಿ. ಮೈಸೂರಿನಲ್ಲಿ ಅದರ ಗಂಧದೆಣ್ಣೆ ಕಾರ್ಖಾನೆ ಶುರುವಾಗಿ ನೂರು ವರ್ಷ ದಾಟಿದೆ, ಇಂದಿಗೂ ಭರವಸೆ ಇಡಬಹುದಾದ ಹೆಸರು ಅದೇ.

ಗಂಧದ ಬೊಂಬೆಗಳಲ್ಲೂ ಇದೇ ಕಥೆ. ಪರಿಮಳ ಇರುವುದು ಮರದ ಚೇಗಿನಲ್ಲಿ ಮಾತ್ರ, ಸುತ್ತಲಿನ ಬಿಳಿ ಭಾಗಕ್ಕೆ ವಾಸನೆಯಿಲ್ಲ. ಯಾವುದೋ ಬಿಳಿ ಮರಕ್ಕೆ ಎಣ್ಣೆ ಸವರಿ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಬಾಗಿಲು ತೆಗೆದಾಗ ಘಮಘಮ. ಬೊಂಬೆಯ ತಳವನ್ನು ಉಗುರಿನಲ್ಲೋ ಬ್ಲೇಡಿನಲ್ಲೋ ಸ್ವಲ್ಪ ಕೆರೆದು ಒಳಗಿನಿಂದ ವಾಸನೆ ಬರುತ್ತದೆಯೇ ನೋಡಿ. ಹಳೆಯ ದಂತದ ಕೆತ್ತನೆ ಇದೆ ಎಂದು ಪಿಸುಗುಟ್ಟಿದರೆ ಎದ್ದು ಬನ್ನಿ. ದಂತದ ವ್ಯಾಪಾರ ಕಾನೂನುಬಾಹಿರ, ಕೊಂಡವರೂ ಸಿಕ್ಕಿಬೀಳುತ್ತಾರೆ.

ರೇಷ್ಮೆ ಸೀರೆಗೆ ಬರೋಣ. ‘ಮೈಸೂರು ಸಿಲ್ಕ್’ ಎಂಬ ಹೆಸರಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇರುವುದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ. ಅದರ ನೇಯ್ಗೆ ಕಾರ್ಖಾನೆ 1912ರದು, ಮಾನಂದವಾಡಿ ರಸ್ತೆಯಲ್ಲಿದೆ, ಮಳಿಗೆಯೂ ಅಲ್ಲೇ. ನಿಗಮದ ಸೀರೆಯಲ್ಲಿ ಹೊಲೊಗ್ರಾಮ್ ಮತ್ತು ಆ ಒಂದು ಸೀರೆಗೆ ಮಾತ್ರ ಸೇರಿದ ಗುರುತಿನ ಸಂಖ್ಯೆ ಇರುತ್ತದೆ. ಬೇರೆ ಕಡೆಯ ಕ್ರೇಪ್ ರೇಷ್ಮೆಯೂ ಒಳ್ಳೆಯದೇ ಇರಬಹುದು, ಅದನ್ನು ಕ್ರೇಪ್ ರೇಷ್ಮೆ ಎಂಬ ಹೆಸರಿನಲ್ಲೇ ಮಾರಿದರೆ ತಪ್ಪಿಲ್ಲ. ಅನುಮಾನವಿದ್ದರೆ ಸೆರಗಿನ ತುದಿಯಿಂದ ಹಾಸಿನ (ಉದ್ದದ) ಒಂದು ಎಳೆ, ಹೊಕ್ಕಿನ (ಅಡ್ಡದ) ಒಂದು ಎಳೆ ತೆಗೆದು ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಕೃತಕ ರೇಷ್ಮೆ ಕಾಗದದ ಹಾಗೆ ಉರಿಯುತ್ತದೆ. ಎರಡೂ ಎಳೆ ಸುಡಬೇಕು, ಏಕೆಂದರೆ ಹಾಸು ರೇಷ್ಮೆ, ಹೊಕ್ಕು ಬೇರೆ ಎಂಬ ಬೆರಕೆಯೂ ಇದೆ.

‘ಗೌರ್ನಮೆಂಟ್ ಅಪ್ರೂವ್ಡ್’, ‘ಎಂಪೋರಿಯಂ’ ಎಂಬ ಬೋರ್ಡುಗಳಿಗೆ ಯಾವ ಅರ್ಥವೂ ಇಲ್ಲ. ರಾಜ್ಯದ ಕರಕುಶಲ ನಿಗಮದ ಮಳಿಗೆಯ ಹೆಸರು ಕಾವೇರಿ, ಅದೂ ಸಯ್ಯಾಜಿರಾವ್ ರಸ್ತೆಯಲ್ಲೇ ಇದೆ. ಸರ್ಕಾರಿ ಮಳಿಗೆಯಲ್ಲಿ ಬೆಲೆ ನಿಗದಿ. ರಿಯಾಯಿತಿ ಇದ್ದರೆ ಎಲ್ಲರಿಗೂ ಕಾಣುವಂತೆ ಬರೆದಿರುತ್ತಾರೆ. ಎಂಟು ಸಾವಿರ ಅಂದದ್ದನ್ನು ಚೌಕಾಸಿಗೆ ಮೂರು ಸಾವಿರಕ್ಕೆ ಇಳಿಸುವುದು ಸರ್ಕಾರಿ ಅಂಗಡಿಯಲ್ಲ.

ದಸರಾ ಸಮಯದಲ್ಲಿ ಗೋಲ್ಡ್ ಕಾರ್ಡ್ (ದಸರೆಯ ವಿಶೇಷ ಪ್ರವೇಶ ಪಾಸು), ಜಂಬೂ ಸವಾರಿ ಟಿಕೆಟ್, ಬನ್ನಿಮಂಟಪದ ಪಂಜಿನ ಕವಾಯತಿನ ಟಿಕೆಟ್‌ಗಳನ್ನು ವಾಟ್ಸಾಪಿನಲ್ಲಿ ಮಾರುವವರಿಂದ ಕೊಳ್ಳಬೇಡಿ. ಒಂದೇ ಪಿಡಿಎಫ್ ಹಲವರಿಗೆ ಹೋಗಿದ್ದರೆ ಮೊದಲು ಸ್ಕ್ಯಾನ್ ಆದವರಿಗೆ ಮಾತ್ರ ಪ್ರವೇಶ. ಟಿಕೆಟ್ ಸಿಗದವರು ಮೆರವಣಿಗೆ ಸಾಗುವ ರಸ್ತೆಯ ಬದಿಯಲ್ಲಿ ಬೇಗ ಬಂದು ನಿಂತು ಉಚಿತವಾಗಿ ನೋಡಬಹುದು.

ಈಗಾಗಲೇ ಮೋಸವಾಗಿದ್ದರೆ ಸೀಸೆಯನ್ನಾಗಲಿ ಸೀರೆಯನ್ನಾಗಲಿ ಬಳಸದೆ ಹಾಗೇ ಇಡಿ. ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲು, ಯುಪಿಐ ದಾಖಲೆ, ಅಂಗಡಿಯ ಬೋರ್ಡಿನ ಮತ್ತು ಆಟೊ ನಂಬರಿನ ಫೋಟೊ ಜೊತೆಗಿರಲಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಬೆದರಿಸಿದ್ದರೆ ಅಲ್ಲಿಂದಲೇ 112ಕ್ಕೆ ಕರೆ ಮಾಡಿ. ಬಿಲ್ಲು ಕೊಡುವುದಿಲ್ಲ ಅಂದವರಿಗೆ ದುಡ್ಡು ಕೊಡಬೇಡಿ, ‘ಊರಿಗೆ ಪಾರ್ಸೆಲ್ ಕಳಿಸ್ತೀವಿ’ ಅಂದವರಿಗಂತೂ ಮುಂಗಡವನ್ನೂ ಕೊಡಬೇಡಿ.