56, 88, 23: ಈ ಅಳತೆಯ ಪೆಟ್ಟಿಗೆಗೆ ಡೈ ಕೇಳಿಕೊಂಡು ಬಂದರೆ

ನಮಗೆ ಡೈ, ಅಂದರೆ ಬೋರ್ಡನ್ನು ಪೆಟ್ಟಿಗೆಯ ಆಕಾರಕ್ಕೆ ಕತ್ತರಿಸುವ ಅಚ್ಚು, ಮಾಡಿಕೊಡುವ ಮಂಗಳೂರಿನವರು ಕಳೆದ ವಾರ ಫೋನ್ ಮಾಡಿದ್ದರು. ಯಾರೋ ಹೊಸಬರು ಬಂದು ಅಗಲ 56, ಎತ್ತರ 88, ದಪ್ಪ 23 ಮಿಲಿಮೀಟರಿನ ಪೆಟ್ಟಿಗೆಗೆ ಡೈ ಬೇಕೆಂದರಂತೆ. ಹಿಂದಕ್ಕೆ ಮಡಚಿಕೊಳ್ಳುವ ಕೀಲು ಮುಚ್ಚಳ, ಸಾದಾ ಬಿಳಿ ಬೋರ್ಡು, ಊದಿನ ಕಡ್ಡಿ ತುಂಬಲಿಕ್ಕೆ ಎಂದರಂತೆ. ಅಂಕಿಗಳು ಕಿವಿಗೆ ಬಿದ್ದೊಡನೆ ನನ್ನ ಹೊಟ್ಟೆ ಕಲಸಿತು. ಹೋದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ನನ್ನ ಪ್ರೆಸ್ಸಿಗೆ ಬಂದದ್ದೂ ಇದೇ ಅಳತೆ, ಇದೇ ಊದಿನ ಕಡ್ಡಿಯ ಮಾತು. ಕಾಸರಗೋಡು, ಮಂಜೇಶ್ವರ, ಪುತ್ತೂರು, ಮಂಗಳೂರು ಕಡೆ ಸಣ್ಣ ಪ್ರೆಸ್ಸು, ಪಂಚಿಂಗ್ (ಡೈ ಒತ್ತಿ ಬೋರ್ಡು ಕತ್ತರಿಸುವ) ಘಟಕ ಇಟ್ಟುಕೊಂಡವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಅದು ಊದಿನ ಕಡ್ಡಿಯ ಪೆಟ್ಟಿಗೆಯಲ್ಲ. 20 ಸಿಗರೇಟು ಹಿಡಿಯುವ ಪೆಟ್ಟಿಗೆ.

ನನ್ನದು ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯ ಬದಿಯ ಸಣ್ಣ ಪ್ರೆಸ್ಸು. ಮದುವೆ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ, ಬೇಕರಿಯವರ ಸಿಹಿತಿಂಡಿ ಪೆಟ್ಟಿಗೆ, ಇಷ್ಟರಲ್ಲೇ ನಮ್ಮ ವರ್ಷ ಕಳೆಯುತ್ತದೆ. ಪೆಟ್ಟಿಗೆ ಕೆಲಸಕ್ಕೆಂದು ಒಂದು ಹಳೆಯ ಪಂಚಿಂಗ್ ಯಂತ್ರ ಕೊಂಡಿದ್ದೆ. ಆಟಿ ಬಂತೆಂದರೆ ಮದುವೆ ಇಲ್ಲ, ಭೂತಗಳ ನೇಮ ಇಲ್ಲ, ಯಕ್ಷಗಾನ ಮೇಳಗಳೂ ತಿರುಗಾಟಕ್ಕೆ ಹೊರಡುವುದಿಲ್ಲ. ಹೊರಗೆ ಧಾರಾಕಾರ ಮಳೆ, ಒಳಗೆ ಯಂತ್ರಕ್ಕೆ ಹೊದಿಸಿದ ಬಟ್ಟೆ ತೆಗೆಯುವ ಪ್ರಸಂಗವೇ ಬರುವುದಿಲ್ಲ. ಇಬ್ಬರ ಸಂಬಳ ಮಾತ್ರ ನಿಲ್ಲುವುದಿಲ್ಲ. ಆ ದಿನಗಳನ್ನು ನೋಡಿಕೊಂಡೇ ಆ ಮನುಷ್ಯ ಬಂದಿದ್ದ ಎಂದು ಈಗ ಅನಿಸುತ್ತದೆ.

ಕನ್ನಡ, ತುಳು, ಮಲಯಾಳ ಮೂರರಲ್ಲೂ ನೀರು ಕುಡಿದಂತೆ ಮಾತನಾಡುತ್ತಿದ್ದ. ಬಂದವನೇ "ಅಣ್ಣಾ, ನಿಮ್ಮ ಕೈಯ ಸಿಹಿತಿಂಡಿ ಪೆಟ್ಟಿಗೆ ನೋಡಿದ್ದೇನೆ, ಮೂಲೆ ಎಷ್ಟು ಚೊಕ್ಕ" ಎಂದ. ಚೀಲದಿಂದ ಒಂದು ಬಿಳಿ ಡಮ್ಮಿ (ಮಾದರಿ ಪೆಟ್ಟಿಗೆ) ತೆಗೆದು ಮೇಜಿನ ಮೇಲಿಟ್ಟ. ಗಲ್ಫಿಗೆ ಊದಿನ ಕಡ್ಡಿ ಕಳುಹಿಸುತ್ತೇವೆ, ಮೊದಲು ಸಾದಾ ಪೆಟ್ಟಿಗೆ ಬೇಕು, ಆಮೇಲೆ ಮುದ್ರಣದ್ದು ಎಂದ. ಮನೆಗೊಬ್ಬರು ಗಲ್ಫಿನಲ್ಲಿರುವ ಊರು ನಮ್ಮದು. ಊದು, ಅತ್ತರು ನಮಗೆ ಹೊಸತಲ್ಲ. ನಂಬಿದೆ.

ಆ ಪೆಟ್ಟಿಗೆಯ ರಚನೆಯನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಗೊತ್ತಿದ್ದರೆ ನೀವು ಡಮ್ಮಿ ನೋಡಿದ ಕೂಡಲೇ ಗುರುತಿಸುತ್ತೀರಿ. ಹೊರಕವಚ ಒಂದೇ ತುಂಡು ಬೋರ್ಡು. ಹರಡಿ ಹಾಕಿದರೆ ಒಂದು ತುದಿಯಲ್ಲಿ ಮುಚ್ಚಳದೊಳಕ್ಕೆ ಮಡಚುವ ನಾಲಗೆ, ಅದರ ಪಕ್ಕ ಮುಚ್ಚಳದ ಮುಂಬದಿ, ಮೇಲ್ಭಾಗ, ಹಿಂಬದಿ. ಅಲ್ಲಿ ಕೀಲಿನ ಗೆರೆ. ಅದರಾಚೆ ಪೆಟ್ಟಿಗೆಯ ಬೆನ್ನು, ತಳ, ಕಟ್ಟಕಡೆಯ ತುದಿಯಲ್ಲಿ ಮುಂಬದಿ. ಎರಡೂ ಪಕ್ಕಗಳಲ್ಲಿ ಕಿವಿಗಳು. ಪಕ್ಕದಿಂದ ನೋಡಿದರೆ ಮುಚ್ಚಳದ ಅಂಚು ಬೆನ್ನಿನ ಕಡೆ ಎತ್ತರದಲ್ಲಿದ್ದು ಮುಂದಕ್ಕೆ ಇಳಿಜಾರಾಗಿ ಬರುತ್ತದೆ. ಹೀಗಾಗಿ ಮುಂಬದಿಯಲ್ಲಿ ಕಣ್ಣಿಗೆ ಒಂದಾಗಿ ಕಾಣುವ ಚಿತ್ರದ ಮೇಲ್ಭಾಗ ಹಾಳೆಯ ಒಂದು ತುದಿಯಲ್ಲಿ, ಕೆಳಭಾಗ ಇನ್ನೊಂದು ತುದಿಯಲ್ಲಿ ಅಚ್ಚಾಗಿರುತ್ತದೆ. ಮಡಚಿದಾಗಲೇ ಎರಡೂ ಕೂಡುವುದು. ಇದರೊಳಗೆ ಕಾಲರಿನಂತೆ ಇನ್ನೊಂದು ಪುಟ್ಟ ಬೋರ್ಡು ಅಂಟಿರುತ್ತದೆ. ಅದು ಪೆಟ್ಟಿಗೆಯ ಬಾಯಿಂದ ಸ್ವಲ್ಪ ಮೇಲಕ್ಕೆ ಚಾಚಿಕೊಂಡು ಮುಚ್ಚಳವನ್ನು ಉಜ್ಜಿ ಹಿಡಿಯುತ್ತದೆ. ಕಾಲರಿಲ್ಲದಿದ್ದರೆ ಮುಚ್ಚಳ ಬಿಗಿಯಾಗಿ ನಿಲ್ಲುವುದಿಲ್ಲ.

ನಿಜ ಹೇಳುತ್ತೇನೆ, ಕೆಲಸ ನನಗೆ ಇಷ್ಟವಾಯಿತು. ಆ ಕೀಲಿನ ಗೆರೆ ಕೂರಿಸುವುದು ಕೈ ಪಳಗಿದವರಿಗೂ ಸವಾಲು. ಕ್ರೀಸ್, ಅಂದರೆ ಮಡಚುವ ಗೆರೆ, ಮೇಲೆ ಮೇಲೆ ಬಿದ್ದರೆ ಮುಚ್ಚಳ ಬಾಯಿ ತೆರೆದುಕೊಂಡು ನಿಲ್ಲುತ್ತದೆ, ಆಳವಾಗಿ ಬಿದ್ದರೆ ಬೋರ್ಡಿನ ಮೈ ಸೀಳುತ್ತದೆ. ನಾವು ತೆಗೆದುಕೊಂಡದ್ದು 220 ಜಿಎಸ್‌ಎಂ ಬೋರ್ಡು, ದಪ್ಪ ಹೆಚ್ಚುಕಡಿಮೆ 0.3 ಮಿ.ಮೀ. ಈ ದಪ್ಪದ ಒಂದೂವರೆ ಪಾಲಿಗೆ ಕ್ರೀಸ್ ಒತ್ತುವ ಪಟ್ಟಿಯ ದಪ್ಪ 0.7 ಸೇರಿಸಿದರೆ, ಬೋರ್ಡಿನ ಕೆಳಗೆ ಆ ಗೆರೆ ಇಳಿಯುವ ಕಾಲುವೆಯ ಅಗಲ 1.2 ಮಿ.ಮೀ. ಹತ್ತಿರ ಬರಬೇಕು. ಮಳೆಗಾಲದ ತೇವಕ್ಕೆ ಬೋರ್ಡು ಬಳುಕಿ ಶೀಟು ಕೂರುತ್ತಲೇ ಇರಲಿಲ್ಲ. ಎರಡು ದಿನ ಹೆಣಗಿ, ಒಂದು ಶೀಟಿಗೆ ಎಂಟರಂತೆ 600 ಶೀಟು ಹೊಡೆದು 4,800 ಬಿಳಿ ಪೆಟ್ಟಿಗೆ ಕೊಟ್ಟೆವು. ಹಣ ಅಂದೇ ಕೈಗೆ ಬಂತು, ನಗದಾಗಿ.

ಈಗ ಆತ ಕೇಳದೆ ಬಿಟ್ಟದ್ದೇನು ಎಂಬುದಕ್ಕೆ ಬರುತ್ತೇನೆ. ಇದೇ ನನ್ನ ಬರಹದ ಮುಖ್ಯ ಮಾತು. ಸಿಗರೇಟಿನ ನಿಜವಾದ ಕಾರ್ಖಾನೆಯಲ್ಲಿ ಇಂಥ ಪೆಟ್ಟಿಗೆಯನ್ನು ಯಾರೂ ಕೈಯಲ್ಲಿ ಮಡಚುವುದಿಲ್ಲ. ಪಂಚ್ ಆದ ಹಾಳೆಗಳು ನಿಮಿಷಕ್ಕೆ ನೂರಾರು ಪೆಟ್ಟಿಗೆ ಕಟ್ಟುವ ಯಂತ್ರಕ್ಕೆ ಹೋಗುತ್ತವೆ. ಕ್ರೀಸ್ ಸ್ವಲ್ಪ ಬಿರುಸಾದರೂ, ಹಾಳೆ ಸ್ವಲ್ಪ ಬಾಗಿದ್ದರೂ ಯಂತ್ರ ನಿಲ್ಲುತ್ತದೆ. ಹೀಗಾಗಿ ನಿಜವಾದ ಖರೀದಿದಾರ ಬಂದರೆ ಮೊದಲು ಎತ್ತುವುದು ಯಂತ್ರದ ಹೆಸರು. ಆಮೇಲೆ ಅಳತೆಯಲ್ಲಿ ಎಷ್ಟು ವ್ಯತ್ಯಾಸ ಸಹಿಸಬಹುದು, ಬೋರ್ಡಿನ ನಾರು ಯಾವ ದಿಕ್ಕಿಗೆ, ಕ್ರೀಸ್ ಮಡಚಲು ಎಷ್ಟು ಬಲ ಬೇಕು. ಶಾಯಿಯ ವಾಸನೆಯ ಬಗ್ಗೆಯಂತೂ ಬಿಡದೆ ಕೇಳುತ್ತಾನೆ, ಹೊಗೆಸೊಪ್ಪು ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಊದಿನ ಕಡ್ಡಿಯವನಾದರೂ ವಾಸನೆಯ ಮಾತು ಎತ್ತಬೇಕಿತ್ತಲ್ಲವೇ? ಇವನು ಎತ್ತಲಿಲ್ಲ. "ಕೈಯಲ್ಲೇ ಅಂಟಿಸುತ್ತೇವೆ, ಹೆಂಗಸರಿದ್ದಾರೆ" ಎಂದ. ಕಾಲರ್ ಎಲ್ಲಿ ಮಾಡಿಸುತ್ತೀರಿ ಎಂದರೆ "ಅದು ಬೇರೆಯವರ ಹತ್ತಿರ" ಎಂದ. ಒಂದೇ ಪೆಟ್ಟಿಗೆಯ ಎರಡು ತುಂಡು ಎರಡು ಊರಿನಲ್ಲಿ ಮಾಡಿಸುವುದೇಕೆ ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಮೂರನೆಯ ವಾರ ರಾತ್ರಿ ಎಂಟರ ಮೇಲೆ ಒಂದು ವ್ಯಾನ್ ಬಂತು. ಮುದ್ರಿಸಿದ 5,000 ಶೀಟು, ಪಂಚಿಂಗ್ ಮಾತ್ರ ನಮ್ಮದು. ಡೈ ಹೇಗೂ ಗೋಡೆಯಲ್ಲಿ ತೂಗುತ್ತಿತ್ತು. ಕಟ್ಟು ಬಿಚ್ಚಿದರೆ ವಿದೇಶಿ ಸಿಗರೇಟಿನ ಹೆಸರು. ನಾನು ಹಿಂದೆ ಸರಿದೆ. ಚಿತ್ರವೇ ಇಲ್ಲವಲ್ಲ ಎಂದೆ. 2016ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಸಿಗರೇಟಿನ ಪೆಟ್ಟಿಗೆಯ ಎರಡೂ ಮುಖ್ಯ ಬದಿಗಳಲ್ಲಿ ಶೇಕಡ 85 ಭಾಗ ಎಚ್ಚರಿಕೆಗೆ ಮೀಸಲು, 60 ಚಿತ್ರಕ್ಕೆ, 25 ಅಕ್ಷರಕ್ಕೆ ಎಂದು ಪ್ರೆಸ್ಸಿನವರಿಗೆಲ್ಲ ಗೊತ್ತು. ಅವನು ನಕ್ಕು, "ಅಣ್ಣಾ, ಇದು ರಫ್ತಿನದ್ದು. ರಫ್ತಿಗೆ ಆ ಕಾಯ್ದೆಯೇ ಇಲ್ಲ" ಎಂದ. ಊದಿನ ಕಡ್ಡಿ ಏನಾಯಿತು ಎಂದರೆ ಅದೂ ಇದೆ, ಇದೂ ಇದೆ ಎಂದ.

ಮೋಸದ ಕೊಕ್ಕೆ ಇದ್ದದ್ದು ಇಲ್ಲಿಯೇ, ಏಕೆಂದರೆ ಅವನು ಹೇಳಿದ್ದು ಅರ್ಧ ಸತ್ಯ. 2003ರ ತಂಬಾಕು ನಿಯಂತ್ರಣ ಕಾಯ್ದೆಯ 32ನೇ ಕಲಮು ರಫ್ತಾಗುವ ಸಿಗರೇಟಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದೇ ಹೇಳುತ್ತದೆ. ಮೊಬೈಲಿನಲ್ಲಿ ಅದನ್ನು ತೆರೆದೂ ತೋರಿಸಿದ. ನನ್ನ ಬಾಯಿ ಕಟ್ಟಿತು. ರಫ್ತೆಂದು ಸಾಬೀತು ಮಾಡುವ ಒಂದು ಚೀಟಿಯನ್ನಾದರೂ ಕೇಳಬೇಕೆಂಬ ಬುದ್ಧಿ ಆ ಹೊತ್ತಿಗೆ ಬರಲಿಲ್ಲ. ಪಂಚಿಂಗ್ ಹುಡುಗನಿಗೆ ಶುರು ಮಾಡು ಎಂದೆ. "ಅಣ್ಣಾ, ಮಾಡಬಹುದಲ್ಲವಾ?" ಎಂದು ಅವನು ಒಮ್ಮೆ ಕೇಳಿದ. ಮಾಡು ಎಂದೆ.

ಮರುದಿನ ಸಂಜೆಯ ಹೊತ್ತಿಗೆ 1,400 ಶೀಟು ಮುಗಿದಿತ್ತು. ರಜೆಯಲ್ಲಿ ದುಬೈಯಿಂದ ಬಂದಿದ್ದ ನನ್ನ ಭಾವ ಪ್ರೆಸ್ಸಿಗೆ ಬಂದು ಕುಳಿತಿದ್ದರು. ಮೇಜಿನ ಮೇಲಿದ್ದ ಒಂದು ಹಾಳೆಯನ್ನು ಮಾತಿನ ನಡುವೆ ಸುಮ್ಮನೆ ಮಡಚುತ್ತಿದ್ದರು. ಬೆನ್ನು, ತಳ, ಮುಂಬದಿ, ಕಿವಿಗಳು. ಕೊನೆಗೆ ಮುಚ್ಚಳ ಬಗ್ಗಿಸಿದರು. ಎರಡು ತುದಿಗಳಲ್ಲಿ ಚದುರಿದ್ದ ಲಾಂಛನದ ಎರಡು ಹೋಳು ಕೂದಲೆಳೆಯ ಅಂತರದಲ್ಲಿ ಒಂದಾದವು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು: "ಭಾವ, ಗಲ್ಫಿಗೆ ಹೋಗುವುದಾದರೆ ಅರಬ್ಬಿ ಅಕ್ಷರ ಎಲ್ಲಿ?"

ಗಲ್ಫ್ ದೇಶಗಳಲ್ಲಿ 2012ರಿಂದಲೇ ಸಿಗರೇಟಿನ ಪೆಟ್ಟಿಗೆಗೆ ಚಿತ್ರದ ಎಚ್ಚರಿಕೆ ಇದೆ, ಅರಬ್ಬಿಯಲ್ಲಿ ಬರಹವಿದೆ. ಸೌದಿಯಲ್ಲಂತೂ 2020ರಿಂದ ಕಂಪನಿಯ ಬಣ್ಣ, ಲಾಂಛನ ಯಾವುದೂ ಇಲ್ಲದ ಸಾದಾ ಪೆಟ್ಟಿಗೆಯೇ ಅಂಗಡಿಯಲ್ಲಿ ಸಿಗುವುದು. ನಮ್ಮ ಮೇಜಿನ ಮೇಲಿದ್ದ ಪೆಟ್ಟಿಗೆ ಆ ದೇಶಗಳಿಗೂ ಸಲ್ಲುವುದಲ್ಲ, ನಮ್ಮ ದೇಶಕ್ಕೂ ಸಲ್ಲುವುದಲ್ಲ. ವಿದೇಶದಿಂದ ಕಳ್ಳಸಾಗಣೆಯಲ್ಲಿ ತಂದ ಅಸಲಿ ಸಿಗರೇಟು ಎಂದು ನಮ್ಮ ಊರಿನ ಗೂಡಂಗಡಿಗಳಲ್ಲೇ ಮಾರುವ ಖೋಟಾ ಮಾಲಿಗೆ ಮಾತ್ರ ಅದು ಹೊಂದುತ್ತಿತ್ತು. ಒಳಗೆ ಎಂಥ ಸೊಪ್ಪು ತುಂಬುತ್ತಿದ್ದರೋ, ಅದನ್ನು ಯಾರ ಮಕ್ಕಳು ಸೇದುತ್ತಿದ್ದರೋ. ಯಂತ್ರ ನಿಲ್ಲಿಸಿದೆ.

ಕೆಲಸ ಮಾಡುವುದಿಲ್ಲ ಎಂದು ಫೋನಿನಲ್ಲಿ ಹೇಳಿದಾಗ ಅವನ ದನಿ ಬದಲಾಯಿತು. ಆದಷ್ಟು ಹಾಳೆ ಕೊಡಿ, ಡೈ ಕೊಡಿ, ಡೈಯ ಹಣ ನಾನೇ ಕೊಟ್ಟದ್ದು ಎಂದ. ರಾತ್ರಿ ಇಬ್ಬರನ್ನು ಕಳುಹಿಸಿದ. ಭಾವ ಜೊತೆಗಿದ್ದರು, ಶಟರ್ ಎಳೆದು ಕುಳಿತೆವು. ಬೆಳಗಾಗುತ್ತಲೇ ಕಾಸರಗೋಡಿನಲ್ಲಿ ಪರಿಚಯದ ವಕೀಲರ ಬಳಿ ಹೋದೆ. ಅವರು ಹೇಳಿದ್ದು ಕೇಳಿ ಕೈಕಾಲು ತಣ್ಣಗಾಯಿತು. 1999ರ ಟ್ರೇಡ್ ಮಾರ್ಕ್ ಕಾಯ್ದೆಯ 103ನೇ ಕಲಮಿನಲ್ಲಿ ಇನ್ನೊಬ್ಬರ ಗುರುತನ್ನು ಖೋಟಾ ಮಾಡಿದವನಷ್ಟೇ ಅಲ್ಲ, ಅದಕ್ಕೆಂದು ಡೈ, ಬ್ಲಾಕು, ಪ್ಲೇಟು, ಯಂತ್ರ ಮಾಡಿದವನೂ ಇಟ್ಟುಕೊಂಡವನೂ ಅಪರಾಧಿ. ಶಿಕ್ಷೆ ಆರು ತಿಂಗಳಿಂದ ಮೂರು ವರ್ಷ, ದಂಡ 50,000ದಿಂದ 2 ಲಕ್ಷ. ವಂಚಿಸುವ ಉದ್ದೇಶ ತನಗಿರಲಿಲ್ಲ ಎಂದು ಸಾಬೀತು ಮಾಡುವ ಹೊರೆ ಸಿಕ್ಕಿಬಿದ್ದವನ ಮೇಲೆಯೇ. ಗೋಡೆಯಲ್ಲಿ ತೂಗುತ್ತಿದ್ದ ಆ ಪ್ಲೈವುಡ್ ಹಲಗೆ ನನ್ನನ್ನು ಒಳಗೆ ಹಾಕಿಸಬಲ್ಲದು ಎಂದು ಅಂದು ತಿಳಿಯಿತು.

ಅವರ ಸಲಹೆಯಂತೆ ನಾನೇ ಠಾಣೆಗೆ ಹೋಗಿ ಲಿಖಿತ ದೂರು ಕೊಟ್ಟೆ. ಯಾರಿಗಾದರೂ ಇಂಥದ್ದು ಸಂಭವಿಸಿದರೆ ಮೊದಲು ಮಾಡಬೇಕಾದ್ದು ಇದು. ಹೆದರಿ ಶೀಟು ಸುಟ್ಟುಹಾಕಬೇಡಿ, ಡೈ ಒಡೆಯಬೇಡಿ, ವಾಟ್ಸಾಪ್ ಸಂದೇಶ ಅಳಿಸಬೇಡಿ. ನಾವು ತಿಳಿದು ಮಾಡಲಿಲ್ಲ ಎನ್ನಲು ನಮ್ಮಲ್ಲಿ ಉಳಿಯುವ ಆಧಾರ ಅವಷ್ಟೇ. ಪೊಲೀಸರು ಡೈ, ಉಳಿದ ಶೀಟು, ಪಂಚ್ ಆದ 11,200 ಹಾಳೆ ಎಲ್ಲವನ್ನೂ ವಶಪಡಿಸಿಕೊಂಡರು. ಮಹಜರು ಮಲಯಾಳದಲ್ಲಿತ್ತು. ನನಗೆ ಮಲಯಾಳ ಮಾತು ಬರುತ್ತದೆ, ಓದು ತಡವರಿಸುತ್ತದೆ. ಸಾಲು ಸಾಲಾಗಿ ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿಸಿಕೊಂಡು, ಎಣಿಕೆ ತಾಳೆ ನೋಡಿದ ಮೇಲೆಯೇ ಸಹಿ ಹಾಕಿದೆ. ನಮ್ಮ ಕಡೆಯ ಕನ್ನಡಿಗರು ಇದರಲ್ಲಿ ಸಂಕೋಚ ಪಡಲೇಬಾರದು.

ಅವನು ಕೊಟ್ಟಿದ್ದ ಜಿಎಸ್‌ಟಿ ಸಂಖ್ಯೆಯನ್ನು ಆಮೇಲೆ ನೋಡಿದೆ. 29ರಿಂದ ಶುರುವಾಗುವ, ಅಂದರೆ ಕರ್ನಾಟಕದ, ಅಂಕಿ ಅಕ್ಷರ ಸೇರಿ 15 ಸ್ಥಾನದ ಸಂಖ್ಯೆ. ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಯಾರದೋ ಹಾರ್ಡ್‌ವೇರ್ ಅಂಗಡಿ, ನೋಂದಣಿ ರದ್ದಾಗಿದೆ. ಒಂದು ನಿಮಿಷದ ಕೆಲಸ, ಮೊದಲ ದಿನವೇ ಮಾಡಬಹುದಿತ್ತು. ಗಡಿಯ ತಲಪಾಡಿ ದಾಟಿ ಬಂದ ಶೀಟಿಗೆ ಸರಕು ಸಾಗಣೆಯ ಇ-ವೇ ಬಿಲ್ಲೂ ಇರಲಿಲ್ಲ, ಚಲನ್ನೂ ಇರಲಿಲ್ಲ. ಜಾಬ್ ವರ್ಕಿಗೆ, ಅಂದರೆ ಇನ್ನೊಬ್ಬರ ಸರಕಿನ ಮೇಲೆ ಕೂಲಿಗೆ ಮಾಡುವ ಕೆಲಸಕ್ಕೆ, ಸರಕು ರಾಜ್ಯದ ಗಡಿ ದಾಟಿದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ ಬೇಕೇ ಬೇಕು. ಇನ್ನೊಂದು ಮಾತು: ಸಿಗರೇಟು ತಯಾರಿಸುವವರಿಗೆ ಕೇಂದ್ರ ಸರ್ಕಾರದ ಕೈಗಾರಿಕಾ ಪರವಾನಗಿ ಇಂದಿಗೂ ಕಡ್ಡಾಯ. ಕೀಲು ಮುಚ್ಚಳದ ಈ ಪೆಟ್ಟಿಗೆ ಕೇಳಿ ಬಂದವರ ಬಳಿ ಆ ಪರವಾನಗಿಯ ಪ್ರತಿ, ಆ ಬ್ರಾಂಡಿನ ಒಡೆಯರು ಮುದ್ರಣಕ್ಕೆ ಕೊಟ್ಟ ಅಧಿಕಾರ ಪತ್ರ, ಎರಡನ್ನೂ ಕೇಳಿ. ಸಾದಾ ಬಿಳಿ ಪೆಟ್ಟಿಗೆ ಎಂದರೂ ಕೇಳಿ, ಏಕೆಂದರೆ ಬಿಳಿಯ ಹೆಸರಿನಲ್ಲಿ ಡೈ ಮಾಡಿಸಿಕೊಳ್ಳುವುದೇ ಅವರ ಮೊದಲ ಹೆಜ್ಜೆ.

ಬೋರ್ಡಿನ ಬಾಕಿ, ವಕೀಲರ ಶುಲ್ಕ, ಠಾಣೆಗೂ ಕೋರ್ಟಿಗೂ ಅಲೆದ ದಿನಗಳು ಎಲ್ಲ ಸೇರಿ ಒಂದು ಲಕ್ಷದ ಮೇಲೆ ಹೋಯಿತು. ಪ್ರೆಸ್ಸಿಗೆ ಪೊಲೀಸರು ಬಂದ ಸುದ್ದಿ ಕೇಳಿ, ಪ್ರತಿ ಸಲ ನಮ್ಮಲ್ಲೇ ಅಚ್ಚು ಹಾಕಿಸುತ್ತಿದ್ದ ದೇವಸ್ಥಾನದವರು ಆಮಂತ್ರಣವನ್ನು ಬೇರೆಡೆ ಕೊಟ್ಟರು. ಅದೆಲ್ಲ ನಿಧಾನಕ್ಕೆ ಸರಿಹೋಗಬಹುದು.

ನನಗೆ ರಾತ್ರಿ ನಿದ್ದೆ ಬಾರದಂತೆ ಮಾಡುವುದು ಪಂಚಿಂಗ್ ಹುಡುಗನ ಮುಖ. ಅವನಿಗೆ ಶಾರ್ಜಾದಲ್ಲಿ ಒಂದು ಪ್ಯಾಕೇಜಿಂಗ್ ಘಟಕದಲ್ಲಿ ಕೆಲಸ ಗೊತ್ತಾಗಿತ್ತು. ಯಂತ್ರ ನಡೆಸಿದವನು ಅವನೆಂದು ವಿಚಾರಣೆಯಲ್ಲಿ ಹೆಸರು ಬಂತು. ಅಲ್ಲಿಗೆ ಹೋಗಲು ಬೇಕಾದ ಪೊಲೀಸ್ ಕ್ಲಿಯರೆನ್ಸ್ ಇನ್ನೂ ಸಿಕ್ಕಿಲ್ಲ. ಈಗಲೂ ಬೆಳಗ್ಗೆ ಒಂಬತ್ತಕ್ಕೆ ಬಂದು ಯಂತ್ರಕ್ಕೆ ಎಣ್ಣೆ ಬಿಡುತ್ತಾನೆ. ಅಂದು ಮಾಡಬಹುದಲ್ಲವಾ ಎಂದು ಕೇಳಿದ್ದ, ಮಾಡು ಎಂದವನು ನಾನು.