ಪಾಳು ಕಟ್ಟಡಕ್ಕೆ ಕಾಲಿಡುವ ಮುಂಚೆ: ಎಸ್‌ಜೆಪಿ ರಸ್ತೆಯಲ್ಲಿ ಕೊಂಡ ಸಾಮಾನು ಹೇಗಿದೆ?

ಪಾಳುಬಿದ್ದ ಕಟ್ಟಡ ನೋಡುವ ಆಸೆ ಹುಟ್ಟಿದವರು ನನ್ನನ್ನು ಮೊದಲು ಕೇಳುವುದು ಕ್ಯಾಮೆರಾ ಯಾವುದು ಅಂತ. ಶೂ ಯಾವುದು ಅಂತ ಕೇಳಿದರೆ ನನಗೆ ಜಾಸ್ತಿ ಖುಷಿ. ಈ ಹವ್ಯಾಸಕ್ಕೆ ಬೇಕಾದ ಸಾಮಾನು ಟ್ರೆಕ್ಕಿಂಗ್ ಅಂಗಡಿಯಲ್ಲಿ ಸಿಗುವುದಿಲ್ಲ. ಗಾರೆ ಕೆಲಸದವರು, ವೆಲ್ಡಿಂಗ್‌ನವರು ಹೋಗುವ ಅಂಗಡಿಯಲ್ಲಿ ಸಿಗುತ್ತದೆ. ಅದೂ ಅರ್ಧ ಬೆಲೆಗೆ.

ನಾನು ಕಟ್ಟಡ ಕೆಲಸದ ಎಸ್ಟಿಮೇಟ್ ಬರೆಯುವವಳು. ರಜೆ ಸಿಕ್ಕರೆ ಹಳೇ ಕಟ್ಟಡಗಳ ಹಿಂದೆ ಹೋಗುತ್ತೇನೆ. ಶೆಟ್ಟಿಹಳ್ಳಿಯ ಚರ್ಚ್, ಕೆಜಿಎಫ್‌ನ ಖಾಲಿ ಬಂಗಲೆಗಳು, ಸಕಲೇಶಪುರದ ಕಡೆಯ ತೋಟದ ಮನೆಗಳು, ಕರಾವಳಿಯಲ್ಲಿ ಬಾಗಿಲು ಹಾಕಿದ ಹೆಂಚಿನ ಕಾರ್ಖಾನೆಗಳು. ಈ ಜಾಗಗಳಲ್ಲೆಲ್ಲ ಹಾಕಿ, ತೊಟ್ಟು, ಒದ್ದಾಡಿದ ಮೇಲೆ ಬರೆಯುತ್ತಿರುವ ಮಾತು ಇದು.

ಮೊದಲು ಅಂಗಡಿ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದು ನಡೆದರೆ ಎಸ್‌ಜೆಪಿ ರಸ್ತೆ. ಗಾಡಿ ತರಬೇಡಿ, ನಿಲ್ಲಿಸಲು ಜಾಗವಿಲ್ಲ. ಮೋಟಾರು, ಪಂಪು, ಚೈನು, ಹಗ್ಗ ಮಾರುವ ಅಂಗಡಿಗಳ ನಡುವೆ ಸೇಫ್ಟಿ ಸಾಮಾನಿನ ಅಂಗಡಿಗಳೂ ಇವೆ. ನಾನು ಹೋಗುವುದು ಅಂಥದ್ದೊಂದು ಕಿರಿದಾದ ಅಂಗಡಿಗೆ. ಕಂಟ್ರಾಕ್ಟರುಗಳು ಡಜನ್ ಲೆಕ್ಕದಲ್ಲಿ ಒಯ್ಯುವ ಜಾಗವಾದರೂ ಒಂದೇ ಜೊತೆ ಕೇಳಿದರೆ ಮುಖ ಸಿಂಡರಿಸುವುದಿಲ್ಲ.

"ಯಾವ ಸೈಟು ಮೇಡಂ?" ಅಂತ ಅಂಗಡಿಯವರು ಕೇಳಿದರು. ಸೈಟಲ್ಲ ಅಣ್ಣ, ಪಾಳು ಬಂಗಲೆ ಅಂದೆ. ಅವರು ಒಂದು ಕ್ಷಣ ನೋಡಿ, "ಹಂಗಾದ್ರೆ ಮೊಳೆ ಜಾಸ್ತಿ ಇರುತ್ತೆ. ಎಸ್1 ಬೇಡ, ಪಿ ಅಂತ ಇರೋದು ತಗೊಳ್ಳಿ" ಅಂದರು. ಉದ್ದಕ್ಕೆ ಕೊಯ್ದು ಇಟ್ಟಿದ್ದ ಒಂದು ಮಾದರಿ ಶೂ ಕೆಳಗಿಳಿಸಿ ಕೈಗೆ ಕೊಟ್ಟರು. ಬೆರಳಿನ ಮೇಲೆ ಉಕ್ಕಿನ ಟೊಪ್ಪಿ. ಕೆಳಗೆ ದಪ್ಪ ಸೋಲ್. ಆ ಸೋಲ್ ಮತ್ತು ಪಾದದ ನಡುವೆ ತೆಳ್ಳಗೆ ಒಂದು ಉಕ್ಕಿನ ತಗಡು, ಬೆರಳಿಂದ ಹಿಮ್ಮಡಿಯ ತನಕ. ನಮಗೆ ಬೇಕಾದದ್ದು ಆ ತಗಡು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೇಫ್ಟಿ ಶೂಗಳಿಗೆ ನಮ್ಮಲ್ಲಿ ಐಎಸ್ 15298ರ ಎರಡನೇ ಭಾಗದ ಮಾನದಂಡ ಇದೆ. ಅದರಂತೆ ಬೆರಳಿನ ಮೇಲಿನ ಟೊಪ್ಪಿ 200 ಜೂಲ್ ಪೆಟ್ಟು ತಡೆಯಬೇಕು. ಆದರೆ ಬರೀ ಎಸ್1 ಅಂತ ಇದ್ದರೆ ಅಡಿಯಲ್ಲಿ ತಗಡು ಇರಲೇಬೇಕೆಂದಿಲ್ಲ. ಎಸ್1ಪಿ ಅಥವಾ ಎಸ್3 ಅಂತ ಇದ್ದರೆ ಮಾತ್ರ ಮೊಳೆ ತಡೆಯುವ ಪದರ ಇರುತ್ತದೆ. ಪರೀಕ್ಷೆಯಲ್ಲಿ 1100 ನ್ಯೂಟನ್ ಬಲದಲ್ಲಿ ಮೊಳೆ ಚುಚ್ಚಿ ನೋಡುತ್ತಾರೆ. ಪಾಳು ಮನೆಯಲ್ಲಿ ಕಾಲ ಮೇಲೆ ಏನೋ ಬೀಳುವುದು ಅಪರೂಪ. ಕಾಲ ಕೆಳಗಿಂದ ಚುಚ್ಚುವುದು ದಿನದ ಮಾತು.

ಯಾಕೆ ಅಂತ ಸಕಲೇಶಪುರದ ತೋಟದ ಮನೆಯೊಂದರಲ್ಲಿ ಕಣ್ಣಾರೆ ನೋಡಿದೆ. ಯಜಮಾನರ ಒಪ್ಪಿಗೆ ಪಡೆದು, ಅವರ ಆಳನ್ನೇ ಜೊತೆಗೆ ಕರೆದುಕೊಂಡು ಒಳಗೆ ಹೋಗಿದ್ದೆವು. ಮಾಡು ಕುಸಿದು ಹೆಂಚು, ಅದನ್ನು ಹೊರುವ ಮರದ ರೀಪು, ಪಕ್ಕಾಸು ಎಲ್ಲ ನೆಲಕ್ಕೆ ಬಂದಿತ್ತು. ಮೇಲೆ ಎಲೆ ಕೊಳೆತು ಮೆತ್ತಗೆ ಹಾಸಿತ್ತು. ಕಾಲಿಟ್ಟಾಗ ಸೋಲ್‌ಗೆ ಏನೋ ಒತ್ತಿ ನಿಂತಂತಾಯಿತು. ಕಾಲೆತ್ತಿದರೆ ಮಾರುದ್ದದ ರೀಪು ಶೂಗೆ ಅಂಟಿಕೊಂಡೇ ಮೇಲೆ ಬಂತು. ತುಕ್ಕು ಹಿಡಿದ ಮೊಳೆ ಸೋಲಿನ ರಬ್ಬರು ದಾಟಿ, ತಗಡಿಗೆ ತಾಗಿ, ಅಲ್ಲೇ ಬಾಗಿತ್ತು. ಎಲೆಯ ಹಾಸು ಕೋಲಿನಿಂದ ಸರಿಸಿ ನೋಡಿದರೆ ಇನ್ನೂ ಎಷ್ಟೋ ರೀಪು, ಮೊಳೆ ಮೇಲ್ಮುಖವಾಗಿ ಬಿದ್ದಿದ್ದವು. ಹಾಗಂತ ಶೂ ನಂಬಿ ಧನುರ್ವಾಯು ಚುಚ್ಚುಮದ್ದು ಬಿಡಬೇಡಿ. ಅದನ್ನು ಹಾಕಿಸಿಕೊಂಡೇ ಹೋಗಿ.

ಈ ಶೂನಲ್ಲಿ ತೊಂದರೆ ಇಲ್ಲವೇ? ಇದೆ. ಭಾರ. ಅಡಿ ಬಗ್ಗುವುದಿಲ್ಲ, ಹಾಗಾಗಿ ಮೆಟ್ಟಿಲು ಹತ್ತುವಾಗ ಹಿಮ್ಮಡಿ ಜಾರುತ್ತದೆ. ಹೆಂಗಸರ ಅಳತೆ ಸಿಗುವುದೇ ಕಷ್ಟ. ನನಗೆ ಸಿಕ್ಕಿದ ಅತಿ ಚಿಕ್ಕದು 5, ಎರಡು ಕಾಲುಚೀಲ ಹಾಕಿದರೆ ಮಾತ್ರ ಸರಿ ಕೂರುತ್ತದೆ. ಕಟ್ಟಡ ಕೆಲಸದಲ್ಲಿ ಇಷ್ಟು ಹೆಂಗಸರು ದುಡಿಯುವ ದೇಶದಲ್ಲಿ ಅವರ ಪಾದಕ್ಕೆ ಶೂ ಮಾಡದಿರುವುದು ನನಗೆ ನಿಜಕ್ಕೂ ಬೇಸರದ ವಿಷಯ. ಇನ್ನೊಂದು: ಪಿಯು (ಪಾಲಿಯುರೆಥೇನ್) ಸೋಲ್ ಇರುವ ಶೂ ಸುಮ್ನೆ ಇಟ್ಟರೂ ತೇವಕ್ಕೆ ವರ್ಷಗಳಲ್ಲಿ ಪುಡಿಯಾಗುತ್ತದೆ. ಬೇರೆ ಕಡೆ ಕೊಂಡ ಹಿಂದಿನ ಜೊತೆ ನಡೆಯುತ್ತಿರುವಾಗಲೇ ಅಡಿ ಉದುರಿಸಿಕೊಂಡಿತ್ತು. ತಯಾರಾದ ತಾರೀಖು ನೋಡಿ ಕೊಳ್ಳಿ, ಹಳೇ ಸ್ಟಾಕು ಅಗ್ಗಕ್ಕೆ ಕೊಟ್ಟರೂ ಬೇಡ.

ಶೂ ಎಷ್ಟೇ ಗಟ್ಟಿಯಿದ್ದರೂ ನೆಲ ಗಟ್ಟಿ ಇರಬೇಕಲ್ವಾ? ಇಲ್ಲಿ ಯಾವ ಅಂಗಡಿಯ ಸಾಮಾನೂ ಕೆಲಸಕ್ಕೆ ಬರುವುದಿಲ್ಲ. ನಮ್ಮ ಹಳೇ ಬಂಗಲೆಗಳಲ್ಲಿ ಮದ್ರಾಸ್ ತಾರಸಿ ಜಾಸ್ತಿ. ಮರದ ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಅಂಚು ನಿಲ್ಲಿಸಿ ಜೋಡಿಸಿದ ತೆಳು ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಕೆಳಗೆ ನಿಂತು ನೋಡಿದರೆ ತೊಲೆಯ ನಡುಭಾಗ ಕಬ್ಬಿಣದಷ್ಟು ಗಟ್ಟಿ ಅನ್ನಿಸುತ್ತದೆ. ಕೆಡುವುದು ಗೋಡೆಯೊಳಗೆ ಕೂತ ತುದಿ. ಮಳೆನೀರು ಗೋಡೆಯಲ್ಲಿ ಇಳಿದು ಅಲ್ಲೇ ನಿಲ್ಲುತ್ತದೆ, ಗೆದ್ದಲೂ ಅಲ್ಲಿಂದಲೇ ಹೊಗುತ್ತದೆ. ಮಹಡಿಯಲ್ಲಿ ಗೋಡೆಯ ಪಕ್ಕದಲ್ಲೇ ನಡೆದರೆ ಭಯವಿಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ತುದಿ ಕೊಳೆತ ತೊಲೆಗೆ ಆ ಮಾತು ನಡೆಯುವುದಿಲ್ಲ. ತೊಲೆ ಗೋಡೆಗೆ ಸೇರುವಲ್ಲಿ ಕಪ್ಪು ಕಲೆ, ಗೆದ್ದಲಿನ ಮಣ್ಣುಗೆರೆ, ಕೆಳಗೆ ಮರದ ಹುಡಿ ಕಂಡರೆ ನಾನು ಮೇಲೆ ಹತ್ತುವುದೇ ಇಲ್ಲ. ಫೋಟೋ ಕೆಳಗಿಂದಲೇ.

ಹೆಲ್ಮೆಟ್ಟು ಐಎಸ್ 2925 ಗುರುತಿನದು ತೆಗೆದುಕೊಂಡೆ. ಹಿಂದೆ ತಿರುಗಿಸಿ ಬಿಗಿ ಮಾಡುವ ಗಾಲಿ ಇರುವ ಮಾದರಿ. ಪಟ್ಟಿ ಎಳೆದು ಸಿಕ್ಕಿಸುವ ಅಗ್ಗದ್ದು ಬಗ್ಗಿದ ತಕ್ಷಣ ಜಾರುತ್ತದೆ. ಪಾಳು ಮನೆಯಲ್ಲಿ ಬಗ್ಗುವುದೇ ಕೆಲಸ, ಬಾಗಿಲುಗಳು ಗಿಡ್ಡ. ಗಲ್ಲದ ಪಟ್ಟಿಗೆ ಬೇರೆ ದುಡ್ಡು ಕೇಳಿದರು, ಅದು ನನಗೆ ಹಿಡಿಸಲಿಲ್ಲ. ಪಟ್ಟಿ ಇಲ್ಲದ ಹೆಲ್ಮೆಟ್ಟು ನಾವು ಬಿದ್ದಾಗ ತಲೆಯಿಂದ ಮೊದಲೇ ಹಾರಿಹೋಗುತ್ತದೆ. ಒಳಗೆ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ, ನೋಡಿ. ಬಿಸಿಲಲ್ಲಿ ಬಿಟ್ಟರೆ ಪ್ಲಾಸ್ಟಿಕ್ಕು ಪೆಡಸಾಗುತ್ತದೆ.

ಆದರೆ ಈ ಹೆಲ್ಮೆಟ್ಟು ತಡೆಯುವುದು ಸಣ್ಣ ಇಟ್ಟಿಗೆ ಚೂರು, ಹೆಂಚು, ತೊಲೆಗೆ ತಲೆ ಬಡಿಯುವುದು, ಅಷ್ಟೇ. ಶೆಟ್ಟಿಹಳ್ಳಿಯನ್ನೇ ನೋಡಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಚರ್ಚ್. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಮಳೆಗಾಲದಲ್ಲಿ ಅದನ್ನು ಮುಳುಗಿಸುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಚಾವಣಿ ಎಂದೋ ಹೋಗಿದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು, ಇದರಿಂದ ಗಾರೆ ಸಡಿಲವಾಗುತ್ತ ಬಂದಿದೆ. ಜನ ಮಾತ್ರ ಕಮಾನಿನ ಕೆಳಗೇ ನಿಂತು ಮದುವೆ ಫೋಟೋ ತೆಗೆಸಿಕೊಳ್ಳುತ್ತಾರೆ. ಗೋಡೆಯೇ ಬಂದರೆ ಯಾವ ಹೆಲ್ಮೆಟ್ಟೂ ಉಳಿಸುವುದಿಲ್ಲ. ಗೋಡೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ನಿಲ್ಲಿ. ಆ ಚರ್ಚ್ ದೂರದಿಂದಲೇ ಚೆಂದ, ಅದರಲ್ಲೂ ಸಂಜೆಯ ಓರೆ ಬಿಸಿಲಲ್ಲಿ.

ಮಾಸ್ಕು 3ಎಂನ 8210, ಎನ್95. ಇದಕ್ಕೆ ನನ್ನ ಪೂರ್ತಿ ಅಂಕ. ಪಟ್ಟಿ ಎರಡೂ ತಲೆಯ ಹಿಂದಕ್ಕೆ ಹೋಗುತ್ತವೆ, ಕಿವಿಗೆ ಸಿಕ್ಕಿಸುವುದಲ್ಲ, ಹಾಗಾಗಿ ಅಂಚಿನಲ್ಲಿ ಗಾಳಿ ನುಸುಳುವುದು ಕಡಿಮೆ. ಗಡ್ಡ ಬಿಟ್ಟವರಿಗೆ ಸರಿ ಕೂರುವುದಿಲ್ಲ, ಅದು ನೆನಪಿರಲಿ. ಮುಚ್ಚಿದ ಕೋಣೆಗಳಲ್ಲಿ ಬಾವಲಿ ಹಿಕ್ಕೆ ಒಣಗಿ ಪುಡಿಯಾಗಿರುತ್ತದೆ. ತುಳಿದರೆ ಏಳುವ ಧೂಳಿನಲ್ಲಿ ಶಿಲೀಂಧ್ರದ ಬೀಜಕಣ ಇರಬಹುದು, ಉಸಿರಿಗೆ ಹೋದರೆ ಹಿಸ್ಟೊಪ್ಲಾಸ್ಮೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಹಿಕ್ಕೆ ರಾಶಿ ಬಿದ್ದಿದ್ದರೆ ಮಾಸ್ಕು ಇದ್ದರೂ ನಾನು ಆ ಕೋಣೆ ಬಿಟ್ಟುಬಿಡುತ್ತೇನೆ. ಕಾರ್ಖಾನೆ ಶೆಡ್ಡುಗಳಲ್ಲಿ ಒಡೆದ ಆಸ್ಬೆಸ್ಟಾಸ್ ಶೀಟು ಇದ್ದೇ ಇರುತ್ತದೆ. ತುಳಿಯಬೇಡಿ, ಎತ್ತಬೇಡಿ.

ಮಾಸ್ಕು ಧೂಳು ಸೋಸುತ್ತದೆ, ಗಾಳಿ ಕೊಡುವುದಿಲ್ಲ. ಕೆಜಿಎಫ್‌ಗೆ ಹೋಗುವ ಹುಡುಗರಿಗೆ ಇದನ್ನು ಕೈಹಿಡಿದು ಹೇಳಬೇಕು ಅನ್ನಿಸುತ್ತದೆ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಂಥ ಶಾಫ್ಟು (ನೆಟ್ಟಗೆ ಇಳಿಯುವ ಗಣಿಬಾವಿ), ಸುರಂಗಗಳಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು, ಕೆಟ್ಟ ಗಾಳಿ ನಿಂತಿರಬಹುದು, ಮೂಗಿಗೆ ವಾಸನೆಯೂ ಗೊತ್ತಾಗುವುದಿಲ್ಲ. ಶಾಫ್ಟಿನ ಬಾಯಿಯ ಹತ್ತಿರವೂ ಸುಳಿಯಬೇಡಿ. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ಸುರಿದ ಸೈನೈಡ್ ದಿಬ್ಬಗಳ ಧೂಳೂ ಒಳ್ಳೆಯದಲ್ಲ. ರಸ್ತೆಯಿಂದ ಕಾಣುವ ಬಂಗಲೆ, ಕ್ಲಬ್ಬು, ಕಾರ್ಮಿಕರ ಸಾಲುಮನೆ, ನೋಡುವುದಕ್ಕೆ ಅಷ್ಟೇ ಸಾಕು. ಆ ಸಾಲುಮನೆಗಳಲ್ಲಿ ಇವತ್ತಿಗೂ ಸಂಸಾರಗಳಿವೆ. ಅದನ್ನು ಪಾಳು ಊರು ಅಂತ ಕರೆಯಬೇಡಿ.

ಹೆಡ್‌ಲ್ಯಾಂಪ್ ಈ ಅಂಗಡಿಯಲ್ಲಿ ಬೇಡ. ಡಬ್ಬಿಯ ಮೇಲೆ ಸಾವಿರಾರು ಲೂಮೆನ್ ಅಂತ ಬರೆದಿರುತ್ತಾರೆ, ಅರ್ಧ ದಿನಕ್ಕೆ ಮಂಕಾಗುತ್ತದೆ. ಒಳ್ಳೆ ಕಡೆಯ 300 ಲೂಮೆನ್ ಧಾರಾಳ ಸಾಕು, ಸೆಲ್ ಬದಲಿಸುವಂಥದ್ದಾದರೆ ಇನ್ನೂ ಒಳ್ಳೆಯದು. ಅದರ ಜೊತೆ ಒಂದು ಕೈಟಾರ್ಚೂ ಇರಲಿ. ಹಣೆಯ ದೀಪ ಕಣ್ಣಿನ ಮಟ್ಟದಲ್ಲೇ ಇರುವುದರಿಂದ ನೆರಳು ಕಾಣುವುದಿಲ್ಲ, ಗುಂಡಿಯೂ ನೆಲದ ಹಾಗೇ ತೋರುತ್ತದೆ. ಟಾರ್ಚನ್ನು ಮೊಣಕಾಲ ಮಟ್ಟಕ್ಕೆ ಇಳಿಸಿ ಅಡ್ಡಕ್ಕೆ ಹಿಡಿಯಿರಿ. ಪ್ರತಿ ತಗ್ಗಿಗೂ ಉದ್ದ ನೆರಳು ಬೀಳುತ್ತದೆ. ಮುಚ್ಚಳ ಹೋದ ಚರಂಡಿ, ಕಲ್ಲಿನ ಸಂದಿಯಲ್ಲಿ ಸುತ್ತಿಕೊಂಡ ಕೊಳಕುಮಂಡಲ, ಎರಡೂ ಕಣ್ಣಿಗೆ ಬೀಳುವುದು ಹೀಗೆ.

ಕೈಗವಸು ಯಾವುದಾದರೂ ಆದೀತು, ಅಂಗೈಗೆ ರಬ್ಬರು ಇದ್ದರೆ ಸಾಕು.

ಹೆಜ್ಜೇನಿಗೆ ಮಾತ್ರ ಯಾವ ಸಾಮಾನೂ ಇಲ್ಲ. ಎತ್ತರದ ಸೂರು, ಕಮಾನು ಕಂಡರೆ ಮೊದಲು ತಲೆ ಎತ್ತಿ ನೋಡಿ. ಗೂಡಿದ್ದರೆ ಸೆಂಟು ಹಾಕಿಕೊಂಡವರು, ಡ್ರೋನ್ ಹಾರಿಸುವವರು, ಬೀಡಿ ಹಚ್ಚುವವರು ಎಲ್ಲರೂ ವಾಪಸ್ಸು.

ಒಪ್ಪಿಗೆಯೂ ಸಾಮಾನಿನ ಪಟ್ಟಿಯಲ್ಲೇ ಬರಬೇಕು. ಪಾಳು ಅಂದರೆ ಯಜಮಾನ ಇಲ್ಲ ಅಂತಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಲ್ಲಿ ಅತಿಕ್ರಮ ಪ್ರವೇಶಕ್ಕೆ ಶಿಕ್ಷೆ ಇದೆ. ಅದಕ್ಕಿಂತ ದೊಡ್ಡ ಲಾಭ ಬೇರೆ. ಬಾವಿ ಎಲ್ಲಿದೆ, ಯಾವ ಕೋಣೆ ಹೋದ ಮಳೆಗೆ ಕುಸಿಯಿತು ಅಂತ ಊರಿನವರಿಗೆ ಗೊತ್ತು. ಕೇಳಿದರೆ ಹೇಳುತ್ತಾರೆ, ಎಷ್ಟೋ ಸಲ ಜೊತೆಗೇ ಬರುತ್ತಾರೆ, ಅಜ್ಜನ ಕಾಲದ ಕತೆಯನ್ನೂ ಹೇಳುತ್ತಾರೆ.

ಅಂಗಡಿಗೆ ಐದಕ್ಕೆ ನಾಲ್ಕು. ಗಲ್ಲದ ಪಟ್ಟಿಗೂ ಹೆಂಗಸರ ಅಳತೆಗೂ ಸೇರಿ ಒಂದು ಕಳೆದೆ. ಶೂ, ಹೆಲ್ಮೆಟ್ಟು, ಮಾಸ್ಕು, ಗವಸು ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಬಿಲ್ ಕೇಳಿ ಪಡೆಯಿರಿ, ಅಳತೆ ಸರಿಹೋಗದಿದ್ದರೆ ಬದಲಿಸಿಕೊಡುತ್ತಾರೆ. ಭಾನುವಾರ ರಜೆ. ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಲೋಡ್ ಇಳಿಸುವ ಗಲಾಟೆ ಮುಗಿದಿರುತ್ತದೆ, ಕೂತು ನಾಲ್ಕು ಜೊತೆ ಹಾಕಿ ನೋಡಲು ಸ್ಟೂಲು ಕೊಡುತ್ತಾರೆ. ನೀವು ಹಾಕುವ ಕಾಲುಚೀಲ ಜೊತೆಗೆ ತಗೊಂಡು ಹೋಗಿ.